ಗೃಹಕೃತ್ಯದ ಮಾತು: ನಿಂತ ಬಂಡಿಯ ಬ್ಯಾಟರಿ

ಹೋದ ತಿಂಗಳು ಈ ಪುಟದಲ್ಲಿ ಕಾಳುಕಡ್ಡಿಗಳಿಗೆ ಹುಳು ಬೀಳದಂತೆ ಕಾಪಾಡುವ ವಿಚಾರವನ್ನು ಬರೆದಿದ್ದೆವು. ಈ ತಿಂಗಳ ವಸ್ತುವು ಅಡಿಗೆಮನೆಗೆ ಸೇರಿದುದಲ್ಲ, ಉಗ್ರಾಣಕ್ಕೆ ಸೇರಿದುದೂ ಅಲ್ಲ. ಮೋಟಾರು ಬಂಡಿಯಲ್ಲಿಯೂ ಟ್ರ್ಯಾಕ್ಟರಿನಲ್ಲಿಯೂ ಕರಿಯ ಪೆಟ್ಟಿಗೆಯಾಗಿ ಕುಳಿತಿರುವ ಬ್ಯಾಟರಿಯದು. ಶಬ್ದರೂಪಗಳನ್ನು ಹೇಳಿಕೊಟ್ಟು ಕಾಲ ಕಳೆದ ಮೇಷ್ಟರಿಗೆ ಇದರ ಗೊಡವೆಯೇಕೆಂದು ವಾಚಕರು ನಗಬಹುದು. ನಮಗೂ ಒಂದು ವರ್ಷದ ಹಿಂದಿನವರೆಗೆ ಇದರ ಗೊಡವೆ ಇರಲಿಲ್ಲ.

ದಾವಣಗೆರೆ ಸೀಮೆಯ ಒಂದು ಹಳ್ಳಿಯಲ್ಲಿ ನಮ್ಮ ತಮ್ಮನ ಮಗನು ಮೆಕ್ಕೆಜೋಳದ ಬೇಸಾಯ ಮಾಡಿಕೊಂಡಿರುವನು. ಬ್ಯಾಂಕಿನ ಸಾಲದಿಂದ ಕೊಂಡ ಟ್ರ್ಯಾಕ್ಟರೇ ಅವನ ಎತ್ತು, ಅದೇ ಅವನ ಬಂಡಿ. ಸ್ವಂತ ಹೊಲವನ್ನು ಉತ್ತು ಮುಗಿಸಿ, ನೆರೆಯವರ ಹೊಲಗಳಿಗೆ ಬಾಡಿಗೆಗೆ ಹೋಗಿ, ಸಾಲದ ಕಂತನ್ನು ಅದರಿಂದಲೇ ತೀರಿಸಬೇಕು. ಕಳೆದ ವರ್ಷ ಬೇಸಗೆಯ ಕೊನೆಯಲ್ಲಿ ನಾವು ಅವನ ಮನೆಯಲ್ಲಿದ್ದಾಗ ರೋಹಿಣಿಯ ಮಳೆಯು ಒಂದು ರಾತ್ರಿ ಹದವಾಗಿ ಸುರಿಯಿತು. ಬೆಳಕು ಹರಿಯುವ ಮೊದಲೇ ಊರೆಲ್ಲ ಎದ್ದು ಹೊಲದ ದಾರಿ ಹಿಡಿಯಿತು. ನಮ್ಮ ಹುಡುಗನು (ಇಬ್ಬರು ಮಕ್ಕಳ ತಂದೆಯಾದರೂ ನಮ್ಮ ಕಣ್ಣಿಗೆ ಹುಡುಗನೇ) ಟ್ರ್ಯಾಕ್ಟರನ್ನೇರಿ ಕೀಲಿಯನ್ನು ತಿರುಗಿಸಿದನು. 'ಟಕ್' ಎಂದಿತು. ಇನ್ನೊಮ್ಮೆ ತಿರುಗಿಸಿದನು; ಆ 'ಟಕ್' ಎಂಬುದೂ ಇಲ್ಲವಾಯಿತು. ಸಂಕ್ರಾಂತಿ ಕಳೆದಂದಿನಿಂದ ನಾಲ್ಕು ತಿಂಗಳಿಗೂ ಮೇಲ್ಪಟ್ಟು ಅದು ಕೊಟ್ಟಿಗೆಯಿಂದ ಕದಲಿರಲಿಲ್ಲ.

"ದೊಡ್ಡಪ್ಪ, ಬ್ಯಾಟರಿ ತಂದು ಇನ್ನೂ ಎರಡು ವರ್ಷ ತುಂಬಿಲ್ಲ. ಮಾಡಿದವರೇ ಮೋಸ ಮಾಡಿದ್ದಾರೆ" ಎಂದು ಅವನು ತಲೆಯ ಮೇಲೆ ಕೈಯಿಟ್ಟುಕೊಂಡನು. ಆ ದಿನ ಕಳೆಯಿತು, ಮರುದಿನವೂ ಕಳೆಯಿತು. ಇವನನ್ನೇ ನೆಚ್ಚಿದ್ದ ನಾಲ್ಕು ಮನೆಯವರು ಬೇರೆ ಟ್ರ್ಯಾಕ್ಟರನ್ನು ಗೊತ್ತುಮಾಡಿಕೊಂಡರು. ಮಣ್ಣಿನ ಹದವು ಯಾರಿಗಾಗಿಯೂ ಕಾಯುವುದಿಲ್ಲವಷ್ಟೆ.

ಮರುದಿನ ಸಂಜೆ ನೆರೆಯವರಿಂದ ಒಂದು ಚಾರ್ಜರನ್ನು ತಂದು, ಮಳೆಯ ಭಯದಿಂದ ಬ್ಯಾಟರಿಯನ್ನು ಒಳಗಿನ ಕೋಣೆಯಲ್ಲಿಟ್ಟು, ಬಾಗಿಲು ಕಿಟಕಿಗಳನ್ನು ಮುಚ್ಚಿ ಚಾರ್ಜಿಗೆ ಹಾಕಿದೆವು. ಎರಡು ಗಳಿಗೆಯಾಗುವಷ್ಟರಲ್ಲಿ ಕರೆಂಟು ಹೋಯಿತು. ಒಳಗೆ ನೀರೆಷ್ಟಿದೆಯೆಂದು ನೋಡುವ ಕುತೂಹಲದಿಂದ ನಾವು ಒಂದು ಮುಚ್ಚಳವನ್ನು ತಿರುಚಿ ತೆಗೆದು ಬೆಂಕಿಕಡ್ಡಿಯನ್ನು ಗೀಚಲು ಹೊರಟೆವು. ನಮ್ಮ ಸೊಸೆಯು ಓಡಿಬಂದು ಕಡ್ಡಿಪೆಟ್ಟಿಗೆಯನ್ನು ಕಿತ್ತುಕೊಂಡಳು. "ದೊಡ್ಡ ಮಾವ, ಬೆಂಕಿ ಬೇಡಿ! ನಮ್ಮಣ್ಣ ಲಾರಿ ಓಡಿಸುವವನು. ಹೀಗೆಯೇ ಕಡ್ಡಿ ಗೀಚಿ ಬ್ಯಾಟರಿ ಸಿಡಿದು, ಒಂದು ತಿಂಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ" ಎಂದಳು. ನಮ್ಮ ಮೈ ಬೆವರಿತು. ಚಾರ್ಜಾಗುವ ಬ್ಯಾಟರಿಯಲ್ಲಿ ನೀರು ಒಡೆದು ಜಲಜನಕವೂ ಆಮ್ಲಜನಕವೂ ಹೊರಡುವುವು. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟು ಜಲಜನಕ ಸೇರಿದರೂ ಒಂದು ಕಿಡಿ ಸಾಕು. 'ಜಲವನ್ನು ಜನಿಸುವುದು ಜಲಜನಕ' ಎಂದು ಮೂವತ್ತು ವರ್ಷ ಮಕ್ಕಳಿಗೆ ಸಮಾಸವನ್ನು ಬಿಡಿಸಿ ಹೇಳಿದವರು ನಾವು. ಬಿಡಿಸದೆ ಉಳಿದಿದ್ದ ಅರ್ಥವನ್ನು ಆ ಹೆಣ್ಣುಮಗಳು ತಿಳಿಸಿಕೊಟ್ಟಳು.

ರಾತ್ರಿಯೆಲ್ಲ ಚಾರ್ಜು ಕೊಟ್ಟರೂ ಬ್ಯಾಟರಿ ಏಳಲಿಲ್ಲ. ಬೆಳಗ್ಗೆ ಪೇಟೆಯ ಬ್ಯಾಟರಿ ಅಂಗಡಿಗೆ ಒಯ್ದೆವು. ಅಂಗಡಿಯಾತನು ಆರು ಮುಚ್ಚಳಗಳನ್ನೂ ತೆಗೆದು, ದೀಪದ ಬೆಳಕು ಬಿಟ್ಟು ಇಣಿಕಿದನು. "ನೀರು ಏನು ಹಾಕ್ತಿದ್ರಿ?" ಎಂದನು. "ಬೋರಿನ ನೀರು" ಎಂದು ಹುಡುಗನು ಮೆಲ್ಲಗೆ ಹೇಳಿದನು. "ಬೇಸಿಗೆಯಲ್ಲಿ?" "ಸುಮ್ಮನೆ ನಿಂತಿತ್ತು. ಕರೆಂಟು ಹೋದಾಗ ಇದರಿಂದಲೇ ಒಂದು ಬಲ್ಬು ಹಚ್ಚಿಕೊಳ್ತಿದ್ದೆವು." ಆತನು ನಮ್ಮ ಕಡೆ ತಿರುಗಿ, "ಇದು ದುಡಿದು ಸತ್ತದ್ದಲ್ಲ ಮೇಷ್ಟ್ರೇ, ಹಸಿದು ಮಲಗಿ ಸತ್ತದ್ದು" ಎಂದನು. ಒಳಗೆ ನೋಡಿದರೆ ಫಲಕಗಳ ಮೇಲೆ ಬೂದಿ ಬಳಿದಂತೆ ಬಿಳುಪು ಕಾಣುತ್ತಿತ್ತು.

ಆ ಬಿಳುಪು ಏನೆಂಬುದನ್ನು ಅನಂತರ ಕೇಳಿಯೂ ಓದಿಯೂ ತಿಳಿದುಕೊಂಡೆವು. ಬ್ಯಾಟರಿಯೊಳಗೆ ಆರು ಕೋಣೆಗಳು. ಒಂದೊಂದರಲ್ಲಿಯೂ ಎರಡು ಬಗೆಯ ಫಲಕಗಳು ಒಂದನ್ನೊಂದು ಮುಟ್ಟದಂತೆ ನಿಂತಿರುವುವು. ಒಂದರ ಮೇಲೆ ಸೀಸದ ಆಕ್ಸೈಡು, ಇನ್ನೊಂದರ ಮೇಲೆ ಬೆಂಡಿನಂತೆ ಸರಂಧ್ರವಾದ ಶುದ್ಧ ಸೀಸ. ಸುತ್ತಲೂ ನೀರು ಬೆರೆಸಿದ ಗಂಧಕಾಮ್ಲ. ವಿದ್ಯುತ್ತನ್ನು ಹೊರಕ್ಕೆ ಎಳೆದಾಗ ಎರಡು ಬಗೆಯ ಫಲಕಗಳೂ ಸೀಸದ ಸಲ್ಫೇಟೆಂಬ ಬಿಳಿಯ ಲವಣವಾಗುತ್ತ ಹೋಗುವುವು, ಆಮ್ಲವು ತೆಳುವಾಗಿ ನೀರಿಗೆ ಸಮೀಪವಾಗುವುದು. ಚಾರ್ಜು ಕೊಟ್ಟಾಗ ಇದೆಲ್ಲವೂ ಹಿಂದಕ್ಕೆ ತಿರುಗಿ ಸೀಸವು ಸೀಸವಾಗುವುದು, ಆಮ್ಲವು ಆಮ್ಲವಾಗುವುದು. ಹೀಗೆ ಹೋಗಿ ಬರುವ ದಾರಿಯನ್ನು 1859ರಲ್ಲಿ ಕಂಡುಹಿಡಿದವನು ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ. ಇಷ್ಟು ಕಾಲ ಕಳೆದರೂ ಮೂಲತತ್ತ್ವವು ಅದೇ ಇರುವುದು ಸೋಜಿಗ. ಇದಕ್ಕೆ 'ವಿದ್ಯುತ್ಸಂಚಾಯಕ' ಎಂಬ ಹೆಸರು ಎಷ್ಟು ಒಪ್ಪುವುದೆಂದು ಅಂಗಡಿಯಾತನಿಗೆ ಹೇಳಿದೆವು. ಆತನು ಕೇಳಿಕೊಂಡು, "ಬ್ಯಾಟರಿ ಅಂದ್ರೇ ಜನ ಬರೋದು ಮೇಷ್ಟ್ರೇ" ಎಂದನು. ನಾವೂ ಬ್ಯಾಟರಿಯೆಂದೇ ಬರೆಯುತ್ತಿರುವೆವು.

ಈಗ ಮುಖ್ಯವಾದ ಮಾತು. ಆ ಬಿಳಿಯ ಲವಣವು ಹೊಸದಾಗಿದ್ದಾಗ ಅತಿ ಸೂಕ್ಷ್ಮವಾದ ಕಣಗಳಾಗಿರುವುದು. ಕೂಡಲೆ ಚಾರ್ಜು ಕೊಟ್ಟರೆ ಸುಲಭವಾಗಿ ಕರಗಿ ಹಿಂದಿನ ಸ್ಥಿತಿಗೆ ಬರುವುದು. ವಾರಗಳು, ತಿಂಗಳುಗಳು ಹಾಗೆಯೇ ಬಿಟ್ಟರೆ ಕಣಗಳು ಕೂಡಿಕೊಂಡು ದಪ್ಪ ಹರಳುಗಳಾಗಿ ಗಟ್ಟಿಯಾಗುವುವು. ಹಾಗಾದ ಮೇಲೆ ಎಷ್ಟು ಚಾರ್ಜು ಕೊಟ್ಟರೂ ಬಹುಭಾಗ ಮರಳಿ ಬಾರದು. ಯಾರೂ ಮುಟ್ಟದಿದ್ದರೂ ಬ್ಯಾಟರಿಯು ತನ್ನಷ್ಟಕ್ಕೆ ತಾನೇ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬರಿದಾಗುವ ಸ್ವಭಾವದ್ದು. ಬಿಸಿಲು ಹೆಚ್ಚಿದಂತೆ ಆ ವೇಗವೂ ಹೆಚ್ಚುವುದು. ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರು ಕೆಲಸವಿಲ್ಲದೆ ನಿಲ್ಲುವುದು ಕಡುಬೇಸಗೆಯಲ್ಲಿಯೇ ಎಂಬುದನ್ನು ವಾಚಕರು ಗಮನಿಸಬೇಕು. ಉಳುಮೆಯಿಲ್ಲದ ದಿನ ಎತ್ತಿಗೆ ಹುಲ್ಲು ಹಾಕದವರನ್ನು ನಾವು ಕಂಡಿಲ್ಲ.

ಆದಕಾರಣ ಬಂಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಮೊದಲು ಪೂರ್ಣವಾಗಿ ಚಾರ್ಜು ಮಾಡಿಸಿ, ಋಣ ಧ್ರುವದ, ಎಂದರೆ ಮೈನಸ್ ಗುರುತಿನ, ತಂತಿಯನ್ನು ಬಿಚ್ಚಿಡತಕ್ಕದ್ದು. ಅನಂತರ ತಿಂಗಳಿಗೊಮ್ಮೆ ಚಾರ್ಜರಿನಿಂದ ತುಂಬಿಸತಕ್ಕದ್ದು. ವಾರಕ್ಕೊಮ್ಮೆ ಐದು ನಿಮಿಷ ಇಂಜಿನು ಓಡಿಸಿ ನಿಲ್ಲಿಸುವವರುಂಟು. ಅರೆಬರಿದಾದ ಬ್ಯಾಟರಿಗೆ ಅದು ಏನೇನೂ ಸಾಲದು. ಇನ್ನು ಕೆಲವರು ಬಂಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ದಿನವೂ ತಳ್ಳಿಯೇ ಹೊರಡಿಸುವರು. ರೋಗವನ್ನು ಮುಚ್ಚಿಡುವ ಉಪಾಯವಿದು, ಬೇರೇನಲ್ಲ.

ಚಾರ್ಜು ಕೊಡುವುದರಲ್ಲಿ ಆತುರ ಕೂಡದು. ಪೆಟ್ಟಿಗೆಯ ಮೇಲೆ ಬರೆದಿರುವ ಆಂಪಿಯರ್-ಗಂಟೆಗಳ ಹತ್ತರಲ್ಲಿ ಒಂದು ಪಾಲು ಪ್ರವಾಹ ಸಾಕು. 80 ಎಂದಿದ್ದರೆ 8 ಆಂಪಿಯರ್. ಬರಿದಾದದ್ದು ತುಂಬಲು ಹತ್ತು ಹನ್ನೆರಡು ಗಂಟೆ ಹಿಡಿಯುವುದು. ಎಲ್ಲ ಕೋಣೆಗಳಲ್ಲಿಯೂ ಸಮನಾಗಿ ಗುಳ್ಳೆಗಳೇಳುತ್ತ, ಹೈಡ್ರೋಮೀಟರಿನ ಅಂಕಿಯು ಗಂಟೆಗಂಟೆಗೂ ಏರದೆ ನಿಂತರೆ ತುಂಬಿತೆಂದರ್ಥ. ಆ ಅಂಕಿಯು ತುಂಬಿದಾಗ 1.250ಕ್ಕೂ 1.280ಕ್ಕೂ ನಡುವೆಯೂ, ಬರಿದಾದಾಗ 1.150ಕ್ಕಿಂತ ಕೆಳಗೂ ಇರುವುದು. ಐದು ಕೋಣೆಗಳು ಸರಿಯಾಗಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಕೋಣೆಯೇ ಕೆಟ್ಟಿದೆಯೆಂದು ತಿಳಿಯಬೇಕು. ಹೈಡ್ರೋಮೀಟರಿಲ್ಲದವರು ವೋಲ್ಟ್‌ಮೀಟರಿನಿಂದ ನೋಡಬಹುದು: ಚಾರ್ಜು ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆದರೆ 12.6 ಅಥವಾ 12.7 ಬಂದರೆ ಪೂರ್ಣ, 12.2 ಬಂದರೆ ಅರ್ಧ, 12ಕ್ಕಿಂತ ಕೆಳಗಾದರೆ ಬರಿದಾದಂತೆಯೇ. 12.4ಕ್ಕೆ ಇಳಿದಾಗಲೇ ಚಾರ್ಜಿಗೆ ಹಾಕುವುದು ಲೇಸು. ಚಾರ್ಜಿಗೆ ಗಾಳಿಯಾಡುವ ಜಗಲಿಯೇ ಸರಿಯಾದ ಸ್ಥಳ. ಕೊಕ್ಕೆಗಳನ್ನು ತೆಗೆಯುವ ಮುನ್ನ ಚಾರ್ಜರಿನ ಸ್ವಿಚ್ಚನ್ನು ಆರಿಸಬೇಕು, ಇಲ್ಲವಾದರೆ ಅಲ್ಲಿಯೇ ಕಿಡಿ ಹಾರುವುದು.

ಅತಿಯೂ ಕೆಡುಕೇ. ಇಂಜಿನು ಓಡುವಾಗ ಬ್ಯಾಟರಿಗೆ ಸುಮಾರು 13.8ರಿಂದ 14.4 ವೋಲ್ಟು ಬರುತ್ತಿರಬೇಕು. ನಿಯಂತ್ರಕವು ಕೆಟ್ಟು ಅದಕ್ಕಿಂತ ಬಹಳ ಮೇಲೇರಿದರೆ ನೀರು ಬೇಗಬೇಗನೆ ಒಣಗುವುದು, ಫಲಕದೊಳಗಿನ ಸೀಸದ ಜಾಲರಿಯು ಸವೆಯುವುದು. ವಾರವಾರವೂ ನೀರು ಕೇಳುವ ಬ್ಯಾಟರಿಯಿದ್ದರೆ ಮೊದಲು ಮೆಕ್ಯಾನಿಕ್ಕಿಗೆ ಬಂಡಿಯನ್ನು ತೋರಿಸಬೇಕು.

ನೀರಿನ ವಿಷಯ ಗೃಹಿಣಿಯರಿಗೂ ಗೊತ್ತಿರಬೇಕು. ಒಣಗುವುದು ನೀರು ಮಾತ್ರ, ಆಮ್ಲವಲ್ಲ. ಆದುದರಿಂದ ತುಂಬಬೇಕಾದುದೂ ನೀರನ್ನೇ. ಅದೂ ಅಂಗಡಿಯಲ್ಲಿ ದೊರೆಯುವ ಬಟ್ಟಿಯಿಳಿಸಿದ ನೀರನ್ನು. ಬಾವಿ, ಬೋರುಗಳ ನೀರಿನಲ್ಲಿರುವ ಲವಣಗಳೂ ಕಬ್ಬಿಣವೂ ಫಲಕಗಳನ್ನು ಕೆಡಿಸುವುವು. ಶಕ್ತಿ ಕುಂದಿದೆಯೆಂದು ಆಸಿಡ್ಡು ಹಾಕುವವರ ಬ್ಯಾಟರಿಯಂತೂ ಇನ್ನೂ ಬೇಗ ಹಾಳಾಗುವುದು. ಚಾರ್ಜಾಗುವಾಗ ಒಳಗಿನ ಮಟ್ಟ ಏರುವುದರಿಂದ ಪೂರ್ತಿ ತುಂಬುವ ಕೆಲಸವನ್ನು ಚಾರ್ಜಾದ ಮೇಲೆಯೇ ಮಾಡತಕ್ಕದ್ದು; ಫಲಕಗಳು ನೀರಿನಿಂದ ಹೊರಗೆ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟನ್ನು ಮೊದಲೇ ಹಾಕಬೇಕು. ಮುಚ್ಚಳವೇ ತೆಗೆಯಲಾಗದ ಹೊಸ ಬಗೆಯವುಗಳಿಗೆ ನೀರಿನ ಚಿಂತೆಯಿಲ್ಲ. ಆದರೆ ಹಸಿದು ಸಾಯುವ ರೋಗ ಅವುಗಳಿಗೂ ಇದೆ.

ಬಲ್ಬು ಹಚ್ಚಿಕೊಂಡ ವಿಚಾರವನ್ನೂ ಹೇಳಿಬಿಡುವೆವು. ಇಂಜಿನನ್ನು ಎಬ್ಬಿಸುವ ಬ್ಯಾಟರಿಯಲ್ಲಿ ತೆಳ್ಳನೆಯ ಫಲಕಗಳು ಬಹಳವಾಗಿರುವುವು. ಕೆಲವು ಕ್ಷಣ ಬಹುಬಲವನ್ನು ಕೊಟ್ಟು, ಕೂಡಲೆ ಹಿಂದಕ್ಕೆ ತುಂಬಿಸಿಕೊಳ್ಳುವುದು ಅದರ ಧರ್ಮ. ರಾತ್ರಿಯೆಲ್ಲ ಮೆಲ್ಲಮೆಲ್ಲನೆ ಬರಿದುಮಾಡುವುದನ್ನು ಅದು ತಾಳದು. ಅದಕ್ಕಾಗಿ ದಪ್ಪ ಫಲಕಗಳ ಇನ್ವರ್ಟರ್ ಬ್ಯಾಟರಿಗಳು ಬೇರೆಯೇ ಇವೆ. ಸರಿಯಾಗಿ ನೋಡಿಕೊಂಡ ಬಂಡಿಯ ಬ್ಯಾಟರಿಯು ಮೂರರಿಂದ ಐದು ವರ್ಷ ಬರುವುದು. ನಮ್ಮದು ಎರಡು ತುಂಬುವ ಮೊದಲೇ ಹೋಯಿತು.

ತಂತಿ ಬಿಚ್ಚುವಾಗ ಋಣವನ್ನು ಮೊದಲು ಬಿಚ್ಚಬೇಕು, ಹಾಕುವಾಗ ಕಡೆಗೆ ಹಾಕಬೇಕು. ಕೈಬಳೆ, ಉಂಗುರಗಳನ್ನು ತೆಗೆದಿಟ್ಟೇ ಈ ಕೆಲಸಕ್ಕೆ ಕೈಯಿಡಬೇಕು. ಆಮ್ಲವು ಕಣ್ಣಿಗೆ ಸಿಡಿದರೆ ಒಡನೆಯೇ ಧಾರಾಳವಾದ ಶುದ್ಧ ನೀರಿನಿಂದ ಕಾಲು ಗಂಟೆಗೆ ಕಡಮೆಯಿಲ್ಲದೆ ತೊಳೆದು, ಅನಂತರ ವೈದ್ಯರಲ್ಲಿಗೆ ಓಡಬೇಕು, ತೊಳೆಯದೆ ಓಡಕೂಡದು. ನೆಲಕ್ಕೆ ಚೆಲ್ಲಿದ ಆಮ್ಲದ ಮೇಲೆ ಅಡಿಗೆ ಸೋಡವನ್ನು ಉದುರಿಸಬಹುದು.

ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಅಂಗಡಿಗೆ ಹೊರಡುವ ಮುನ್ನ ನಮ್ಮ ಹುಡುಗನ ಹಿರಿಯ ಮಗನು ಹಳೆಯ ಬ್ಯಾಟರಿಯನ್ನು ಬೇಡಿದನು. ಒಡೆದು ಸೀಸವನ್ನು ಕರಗಿಸಿ, ಕೆರೆಯ ಮೀನುಬಲೆಗೆ ಗುಂಡು ಎರೆಯುವೆನೆಂದನು; ಅವನ ಗೆಳೆಯನೊಬ್ಬನು ಅಡಿಗೆಯ ಒಲೆಯಲ್ಲಿಯೇ ಹಾಗೆ ಮಾಡಿದ್ದನಂತೆ. ಸೀಸದ ಹೊಗೆಯೂ ಧೂಳೂ ಮಕ್ಕಳ ಮಿದುಳಿಗೆ ವಿಷ. ಒಳಹೊಕ್ಕ ಮೇಲೆ ಅದು ಮೂಳೆಗಳಲ್ಲಿ ವರ್ಷಗಟ್ಟಲೆ ನಿಲ್ಲುವುದು. ಆಫ್ರಿಕದ ಸೆನೆಗಲ್ ದೇಶದಲ್ಲಿ, ಡಾಕಾರ್ ಪಟ್ಟಣಕ್ಕೆ ಸೇರಿದ ಥಿಯಾರೋಯ್ ಎಂಬಲ್ಲಿ, ಹಳೆಯ ಬ್ಯಾಟರಿಗಳನ್ನು ಒಡೆದ ಜಾಗದ ಮಣ್ಣನ್ನು ಜರಡಿ ಹಿಡಿದು ಸೀಸ ಆಯುತ್ತಿದ್ದ ಮನೆಗಳಲ್ಲಿ 2007ರ ಕಡೆಯಿಂದ 2008ರ ಮೊದಲ ತಿಂಗಳುಗಳೊಳಗೆ 18 ಮಕ್ಕಳು ತೀರಿಕೊಂಡರು. ಇದನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಮ್ಮ ದೇಶದಲ್ಲಿ 2001ರಲ್ಲಿಯೇ ಹಳೆಯ ಬ್ಯಾಟರಿಗಳನ್ನು ಮಾರಾಟಗಾರರು ಹಿಂದಕ್ಕೆ ಪಡೆಯಬೇಕೆಂದು ನಿಯಮ ಬಂದಿತು. 2022ರ ನಿಯಮಗಳಲ್ಲಿ ಆ ಹೊಣೆಯನ್ನು ತಯಾರಿಸುವವರ ಮೇಲೆಯೇ ಹೊರಿಸಿರುವರು. ಹಳೆಯದನ್ನು ಕೊಟ್ಟರೆ ಅಂಗಡಿಯಲ್ಲಿ ಹೊಸದರ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳುವರು. ಹುಡುಗನಿಗೆ ಬಲೆಯ ಗುಂಡುಗಳನ್ನು ನಾವೇ ಪೇಟೆಯಿಂದ ತಂದುಕೊಟ್ಟೆವು, ಮಣ್ಣಿನವು.

ಹೊಸ ಬ್ಯಾಟರಿಯ ಲೆಕ್ಕವನ್ನು ಈಗ ನಮ್ಮ ಸೊಸೆಯೇ ವಹಿಸಿಕೊಂಡಿರುವಳು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ, ತಿಂಗಳಿಗೊಂದು ಸಲ 'ಬ್ಯಾ' ಎಂದು ಗುರುತು ಹಾಕಿ, ಜಗಲಿಯಲ್ಲಿಟ್ಟು ಚಾರ್ಜು ಕೊಡಿಸುವಳು. ಈ ವರ್ಷ ರೋಹಿಣಿಯು ತಡವಾಗಿ ಸುರಿಯಿತು. ಮರುದಿನ ಬೆಳಗ್ಗೆ ಐದೂವರೆಗೆ ಹುಡುಗನು ನಮಗೆ ಫೋನು ಮಾಡಿ, ಏನನ್ನೂ ಹೇಳದೆ, ಟ್ರ್ಯಾಕ್ಟರಿನ ಸದ್ದನ್ನು ಮಾತ್ರ ಕೇಳಿಸಿದನು.