ಸ್ಪ್ರೂಸ್ ವೃಕ್ಷದ ಪೋಷಣೆ

ಪಾರ್ವತಿಯು ಮಗನಂತೆ ಸಾಕಿದ ದೇವದಾರು ವೃಕ್ಷದ ಪ್ರಸಂಗವು ರಘುವಂಶದ ಎರಡನೆಯ ಸರ್ಗದಲ್ಲಿ ಬರುವುದು. ಕಾಡಾನೆಯೊಂದು ಕಪೋಲವನ್ನುಜ್ಜಿ ಅದರ ತೊಗಟೆಯನ್ನು ಸುಲಿಯಲು ದೇವಿಯು ಬಹಳವಾಗಿ ಶೋಕಿಸಿದಳು. ಅಂದಿನಿಂದ ಶಿವನು ಸಿಂಹವನ್ನೇ ಅದಕ್ಕೆ ಕಾವಲಿಟ್ಟನು. ಈ ಭಾಗವನ್ನು ಅನೇಕ ವರ್ಷ ಪಾಠ ಹೇಳಿದ ನಾನೇ ದೇವದಾರುವಿನ ಬಂಧುವಾದ ಮರವೊಂದಕ್ಕೆ ಆ ಆನೆಯಂತೆ ಅಪಕಾರ ಮಾಡಿದೆನೆಂಬುದನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳಬೇಕಾಗಿದೆ.

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ನನ್ನ ಮಗನ ಮನೆಯ ಮುಂದೆ ಸುಮಾರು 40 ಅಡಿ ಎತ್ತರದ ನೀಲಿ ಸ್ಪ್ರೂಸ್ ಮರವಿರುವುದು. ಇದರ ತವರು ರಾಕಿ ಪರ್ವತಪ್ರದೇಶ. 1939ರಿಂದ ಇದು ಕೊಲೊರಾಡೊ ಸಂಸ್ಥಾನದ ಲಾಂಛನವೃಕ್ಷವಾಗಿದೆ. ಬೆಂಗಳೂರಿನಲ್ಲಿ ಕ್ರಿಸ್‌ಮಸ್ ಮರವೆಂದು ಕರೆಯಲ್ಪಡುವ ಅರಾಕೇರಿಯವು ಬೇರೊಂದು ಕುಲಕ್ಕೆ ಸೇರಿದುದು. ಶೀತಕಾಲವನ್ನು ಬಯಸುವ ಸ್ಪ್ರೂಸ್ ನಮ್ಮ ಬಯಲುಸೀಮೆಗೆ ಒಗ್ಗತಕ್ಕುದಲ್ಲ.

ಒಂದು ವಸಂತದಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ, ಊರಿನಲ್ಲಿ ಬಾಳೆಗೆ ಮಾಡುವಂತೆ, ಮರದ ಬುಡಕ್ಕೆ ಒಂದಡಿ ಮಣ್ಣೇರಿಸಿದೆನು. "ಬೇಡಪ್ಪಾ, ಯಾರನ್ನಾದರೂ ಕೇಳೋಣ" ಎಂದು ಮಗನು ಹೇಳಿದುದನ್ನು ಲಕ್ಷ್ಯಕ್ಕೆ ತರಲಿಲ್ಲ. ಮುಂದಿನ ವರ್ಷ ಕೆಳಗಿನ ಕೊಂಬೆಗಳ ಸೂಜಿಯೆಲೆಗಳು ಕಂದಿ ಉದುರತೊಡಗಿದುವು. ನೆರೆಯವರೊಬ್ಬರು ಮರವು ಮನೆಯ ಮೇಲೆ ಬಿದ್ದೀತೆಂದು ಹೆದರಿ, ತುದಿಯನ್ನು ಕತ್ತರಿಸಿಬಿಡಿರೆಂದರು. ಕಡೆಗೆ ಮಗನು ವೃಕ್ಷವೈದ್ಯರೊಬ್ಬರನ್ನು ಕರೆತಂದನು.

ಅವರು ಮೊದಲು ನನ್ನ ಮಣ್ಣನ್ನು, ಬೇರಿಗೆ ಪೆಟ್ಟಾಗದಂತೆ, ಮೆಲ್ಲಮೆಲ್ಲನೆ ತೆಗೆಸಿದರು. ಈ ಮರದ ಬೇರುಗಳಲ್ಲಿ ಬಹುಭಾಗವು ಮೇಲ್ಮಣ್ಣಿನಲ್ಲಿಯೇ ಹರಡಿರುವುದರಿಂದ, ಮೇಲೆ ಮಣ್ಣು ಹೇರಿದರೆ ಅವಕ್ಕೆ ಗಾಳಿ ತಪ್ಪುವುದು. ಕಾಂಡಕ್ಕೆ ತಾಗಿ ನಿಂತ ತೇವವು ತೊಗಟೆಯನ್ನು ಕೊಳೆಯಿಸುವುದು. ಬುಡಕ್ಕೆ ಮರದ ಚಕ್ಕೆಯ ಹೊದಿಕೆಯನ್ನು 2ರಿಂದ 4 ಅಂಗುಲ ಮಾತ್ರ ಹಾಕಿ, ಕಾಂಡದಿಂದ ದೂರವಿಡಬೇಕು. ಬರಗಾಲದಲ್ಲಿ ನೀರನ್ನು ನಿಧಾನವಾಗಿ, ಆಳಕ್ಕಿಳಿಯುವಂತೆ ಕೊಡಬೇಕು. ನೆಲವು ಹೆಪ್ಪುಗಟ್ಟಿದ ಮೇಲೂ ಎಲೆಗಳಿಂದ ನೀರು ಆರುತ್ತಲೇ ಇರುವುದರಿಂದ, ಶರತ್ಕಾಲವು ಒಣಗಿದ್ದರೆ ಚಳಿಗೆ ಮುಂಚೆ ಒಮ್ಮೆ ಚೆನ್ನಾಗಿ ನೆನೆಯಿಸುವುದು ಅವಶ್ಯ.

ಒಳಗಿನ ಹಳೆಯ ಎಲೆಗಳು ಉದುರುವುದು ಸಹಜ. ಆದರೆ ಕೆಳಗಿನಿಂದ ಮೇಲಕ್ಕೆ, ಹಿಂದಿನ ವರ್ಷದ ಎಲೆಗಳು ಕಂದುತ್ತ ಹೋದರೆ ರೈಜೋಸ್ಫೀರ ಎಂಬ ಶಿಲೀಂಧ್ರವನ್ನು ಶಂಕಿಸಬೇಕು. ತೇವವುಳ್ಳ ಸೀಮೆಗಳಲ್ಲಿ ಇದರ ಬಾಧೆ ಹೆಚ್ಚು. ನಮ್ಮ ಮರಕ್ಕೆ ತಗುಲಿದುದೂ ಇದೇ. ವಸಂತದಲ್ಲಿ ಹೊಸ ಎಲೆಗಳು ಅರ್ಧ ಬೆಳೆದಾಗ ತಾಮ್ರದ ಔಷಧಿಯನ್ನು ಸಿಂಪಡಿಸುವುದು, ಸತ್ತ ಕೊಂಬೆಗಳನ್ನು ಒಣಹವೆಯಲ್ಲಿ ತೆಗೆಯುವುದು, ಸುತ್ತಲೂ ಗಾಳಿಯಾಡುವಂತೆ ನೋಡುವುದು ಇದಕ್ಕೆ ಉಪಾಯಗಳು. ತುದಿಯನ್ನು ಮಾತ್ರ ಎಂದಿಗೂ ಕತ್ತರಿಸಲಾಗದು. ಅದರಿಂದ ಮರದ ರೂಪವೂ ಬಲವೂ ಕೆಡುವುವು. ಎಳೆಯ ಗಿಡವನ್ನು ನೆಡುವಾಗಲೇ ಮನೆಯಿಂದ 20 ಅಡಿಯಾದರೂ ದೂರ ಬಿಟ್ಟರೆ ಕತ್ತರಿಯ ಮಾತೇ ಏಳದು.

ರೋಗವು ನನ್ನಿಂದ ಬಂದುದಲ್ಲವಾದರೂ, ಬೇರು ಬಳಲಿದ್ದ ಮರಕ್ಕೆ ಅದನ್ನು ತಾಳುವ ಶಕ್ತಿ ಕಡಮೆಯಾಗಿದ್ದಿತೆಂದು ವೈದ್ಯರು ಹೇಳಿದರು. ಮರವು ಉಳಿಯಿತು. ಬರಿದಾದ ಕೆಳಗೊಂಬೆಗಳು ಮಾತ್ರ ಮತ್ತೆ ಚಿಗುರಲಿಲ್ಲ. ಈ ಜಾತಿಯಲ್ಲಿ ಒಣಗಿಹೋದ ಕೊಂಬೆಗೆ ಪುನರ್ಜನ್ಮವಿಲ್ಲ. ಮಗನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಈಗ ಆ ಮರಕ್ಕೆ ಏನು ಮಾಡಬೇಕಾದರೂ ನಾನೇ ಮೊದಲು ಅವನನ್ನು ಕೇಳುತ್ತೇನೆ.