ಗೋಡೆಗೆ ನೇತುಹಾಕಿದ ಒಲೆ

ಮಿಲಾನಿಗೋ ಟ್ಯೂರಿನ್ನಿಗೋ ಮ್ಯೂನಿಕ್ಕಿಗೋ ಓದಲು ಹೊರಟ ಮಕ್ಕಳ ಪೆಟ್ಟಿಗೆಯಲ್ಲಿ ಕುಕ್ಕರ್, ಚಟ್ನಿಪುಡಿ, ಸ್ವೆಟರು ಎಲ್ಲ ಸೇರಿರುತ್ತವೆ. ಅವರು ಹೋಗಿ ಎರಡು ತಿಂಗಳಾಗಿ, ಚಳಿ ಶುರುವಾದಾಗ ಮನೆಗೊಂದು ಫೋಟೋ ಬರುತ್ತದೆ. ಬಾಡಿಗೆ ಕೋಣೆಯ ಗೋಡೆಗೆ ಅಂಟಿಕೊಂಡಂತೆ ಒಂದು ತೆಳ್ಳನೆಯ ಪೆಟ್ಟಿಗೆ; ಮುಂದುಗಡೆ ಗಾಜು, ಗಾಜಿನ ಹಿಂದೆ ಅಂಗೈಯಷ್ಟು ಜ್ವಾಲೆ. ‘ಇದು ಪೆಲೆಟ್ ಒಲೆ, ಮರದ ಗುಳಿಗೆ ತುಂಬಿದರೆ ತಾನೇ ಉರಿಯುತ್ತದೆ’ ಎಂದು ಕೆಳಗೆ ಒಕ್ಕಣೆ. ಮಲಗುವ ಕೋಣೆಯಲ್ಲಿ ಬೆಂಕಿಯೇ ಎಂದು ತಾಯಿಗೆ ದಿಗಿಲು. ನೇತುಹಾಕಿದ್ದು ಕಳಚಿ ಬಿದ್ದರೆ ಎಂದು ತಂದೆಗೆ ಚಿಂತೆ. ಇಬ್ಬರ ಆತಂಕಕ್ಕೂ ಕಾರಣವಿದೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಕರೆಂಟು ಹೋದರೆ ಹೊಗೆ ಎತ್ತ ಹೋಗುತ್ತದೆ?

ಗುಳಿಗೆ ಎಂದರೇನೆಂದು ನೋಡೋಣ. ಸಾಮಿಲ್ಲಿನ ಹೊಟ್ಟನ್ನು ಚೆನ್ನಾಗಿ ಒಣಗಿಸಿ, ತೂತುಗಳಿರುವ ಉಕ್ಕಿನ ಅಚ್ಚಿನ ಮೂಲಕ ಭಾರಿ ಒತ್ತಡದಲ್ಲಿ ತಳ್ಳುತ್ತಾರೆ. ಚಕ್ಕುಲಿ ಒರಳಿನಿಂದ ಹಿಟ್ಟು ಇಳಿಯುವಂತೆ 6 ಮಿಲಿಮೀಟರ್ ದಪ್ಪದ ಕಡ್ಡಿಗಳು ಹೊರಬಂದು ತುಂಡಾಗುತ್ತವೆ. ಅಂಟು ಬೇಕಿಲ್ಲ, ಮರದಲ್ಲೇ ಇರುವ ಲಿಗ್ನಿನ್ ಬಿಸಿಗೆ ಮೆತ್ತಗಾಗಿ, ತಣಿದಾಗ ಬಿಗಿಯುತ್ತದೆ. ಡೇರಿಯಿಂದ ತರುವ ಪಶು ಆಹಾರದ ಗುಳಿಗೆಯನ್ನು ಮಾಡುವ ಯಂತ್ರವೂ ಇದೇ ಜಾತಿಯದು. ಯುರೋಪಿನ ಮೊದಲ ದರ್ಜೆಯ ಗುಳಿಗೆಯಲ್ಲಿ ತೇವ ನೂರಕ್ಕೆ 10ನ್ನು, ಬೂದಿ ನೂರಕ್ಕೆ 0.7ನ್ನು ಮೀರುವಂತಿಲ್ಲ. ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡವರಿಗೆ ಈ ಅಂಕಿಗಳ ಬೆಲೆ ಗೊತ್ತು.

ಹೊಟ್ಟು ಉರಿಸುವುದು ನಮಗೇನೂ ಹೊಸದಲ್ಲ. ನಡುವೆ ಗೂಟ ನಿಲ್ಲಿಸಿ ಸುತ್ತಲೂ ಹೊಟ್ಟು ಬಡಿದು ತುಂಬುವ ಒಲೆ ನಮ್ಮ ಊರುಗಳಲ್ಲಿ ಬಹಳ ಕಾಲ ನೀರು ಕಾಯಿಸಿದೆ. ಅದಕ್ಕೆ ಯಂತ್ರದ ರೂಪ ಬಂದದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬೋಯಿಂಗ್ ವಿಮಾನ ಕಂಪನಿಯ ಎಂಜಿನಿಯರ್ ಜೆರ್ರಿ ವಿಟ್‌ಫೀಲ್ಡ್ 1980ರ ದಶಕದಲ್ಲಿ ಮನೆಬಳಕೆಯ ಗುಳಿಗೆ ಒಲೆಯನ್ನು ಮಾರುಕಟ್ಟೆಗೆ ತಂದರು. ಇವತ್ತು ಇಂಥ ಒಲೆಗಳು ಅತಿ ಹೆಚ್ಚು ಇರುವ ದೇಶಗಳಲ್ಲಿ ಇಟಲಿ ಒಂದು.

ಒಲೆಯ ಹೊಟ್ಟೆಯೊಳಗೆ ಮೂರು ಮುಖ್ಯ ಭಾಗಗಳಿವೆ. ಮೇಲೆ, ಹಿಟ್ಟಿನ ಗಿರಣಿಯಲ್ಲಿ ರಾಗಿ ಸುರಿಯುವಂಥ ಡಬ್ಬ. ಅದರ ಕೆಳಗೆ ನಿಧಾನವಾಗಿ ತಿರುಗುವ ತಿರುಪು. ಅದು ನಾಲ್ಕಾರು ಗುಳಿಗೆಗಳನ್ನು ಆಗಾಗ ಬೆಂಕಿಯ ಬಟ್ಟಲಿಗೆ ಉದುರಿಸುತ್ತದೆ. ಹಿಂದೆ, ಹೊಗೆಯನ್ನು ಎಳೆದು ಹೊರಗೆ ದೂಡುವ ಫ್ಯಾನು. ಹೊತ್ತಿಸುವ ಕೆಲವು ನಿಮಿಷ 300 ವಾಟಿನಷ್ಟು, ಆಮೇಲೆ ಒಂದು ಹಳೆಯ ಬಲ್ಬಿನಷ್ಟು ವಿದ್ಯುತ್ತು ಬೇಕು. ಫ್ಯಾನು ತಿರುಗುತ್ತಿರುವವರೆಗೆ ಒಲೆಯೊಳಗಿನ ಒತ್ತಡ ಕೋಣೆಯದಕ್ಕಿಂತ ಕಡಿಮೆ. ಎಲ್ಲಾದರೂ ಸಣ್ಣ ಸಂದಿಯಿದ್ದರೂ ಕೋಣೆಯ ಗಾಳಿ ಒಳಕ್ಕೆ ಹೋದೀತೇ ಹೊರತು ಹೊಗೆ ಕೋಣೆಗೆ ಬಾರದು. ಬಹಳ ಚೆಲುವಾದ ಉಪಾಯ. ಆದರೆ ಅದು ನಿಂತಿರುವುದು ಒಂದು ವಿದ್ಯುತ್ ತಂತಿಯ ಮೇಲೆ.

ಕರೆಂಟು ಹೋಯಿತೆನ್ನಿ. ತಿರುಪು ನಿಲ್ಲುತ್ತದೆ, ಹೊಸ ಗುಳಿಗೆ ಬೀಳುವುದಿಲ್ಲ. ಅಷ್ಟರ ಮಟ್ಟಿಗೆ ಕ್ಷೇಮ. ಆದರೆ ಬಟ್ಟಲಿನಲ್ಲಿ ಆಗಲೇ ಬಿದ್ದಿರುವ ಗುಳಿಗೆಗಳು ಗಾಳಿ ಸಾಲದೆ ಕಮರುತ್ತ ಉರಿಯುತ್ತವೆ. ಕಮರುವ ಬೆಂಕಿಯಿಂದಲೇ ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಬರುವುದು. ಹೊಗೆಕೊಳವೆ ಎತ್ತರಕ್ಕೆ ಏರಿದ್ದರೆ ಬಿಸಿ ಗಾಳಿ ಹಗುರವೆಂಬ ಒಂದೇ ಬಲದಿಂದ, ಫ್ಯಾನಿನ ಹಂಗಿಲ್ಲದೆ ಹೊಗೆ ಮೇಲಕ್ಕೆ ಹೋಗುತ್ತದೆ. ಗೋಡೆಗೆ ತೂತು ಕೊರೆದು ಕೊಳವೆಯನ್ನು ಅಡ್ಡಕ್ಕೆ ಹೊರಟಿಸಿದ್ದರೆ ಆ ಎಳೆತ ಇರುವುದಿಲ್ಲ. ಎದುರುಗಾಳಿ ಬೀಸಿದರೆ ಹೊಗೆ ಒಳಗೇ ತಿರುಗಬಹುದು. ಪುಟ್ಟ ಗೋಡೆ ಒಲೆಗಳನ್ನು ‘ಚಿಮಣಿ ಬೇಡ, ಒಂದು ತೂತು ಸಾಕು’ ಎಂದು ಮಾರುವುದುಂಟು. ಅಮೆರಿಕದಲ್ಲಿ ತಯಾರಕರು ಹೇಳಿದ ಅಳತೆಗಳನ್ನು ಪಾಲಿಸಿ ಹಾಗೆ ಅಡ್ಡಕ್ಕೆ ಬಿಡಲು ಅನುಮತಿಯಿದೆ. ಇಟಲಿಯ ನಿಯಮದಂತೆ ಹೊಗೆ ಛಾವಣಿಯ ಮೇಲಕ್ಕೇ ಹೋಗಬೇಕು. ಜರ್ಮನಿಯಲ್ಲಿ ಹೊಸ ಒಲೆ ಹೊತ್ತಿಸುವ ಮೊದಲು ಆ ವಲಯದ ಅಧಿಕೃತ ಚಿಮಣಿ ಗುಡಿಸುವವರು ಬಂದು ನೋಡಿ ಒಪ್ಪಬೇಕು. ನನ್ನ ಮಟ್ಟಿಗೆ, ಅಡ್ಡ ಕೊಳವೆ ಮಾತ್ರ ಇರುವ ಒಲೆಯ ಕೋಣೆಯಲ್ಲಿ ಮಕ್ಕಳು ಮಲಗುವುದು ಬೇಡ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಸುಸ್ತು: ಚಳಿಗಾಲದ ಫ್ಲೂ ಜ್ವರವೆಂದೇ ಅನ್ನಿಸುತ್ತದೆ. ಒಂದೇ ಮನೆಯಲ್ಲಿರುವ ಮೂವರಿಗೂ ಒಟ್ಟಿಗೇ ತಲೆನೋವು ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಅದು ಫ್ಲೂ ಅಲ್ಲ. ಬಾಗಿಲು ತೆಗೆದು ಹೊರಗೆ ಬಂದು, ಆಮೇಲೆ ಫೋನ್ ಮಾಡಬೇಕು. ನಮ್ಮಲ್ಲೂ ಗೋಡೆಗೆ ನೇತುಹಾಕಿದ, ಹೊಗೆಕೊಳವೆಯೇ ಇಲ್ಲದ ಗ್ಯಾಸ್ ಗೀಸರು ಮುಚ್ಚಿದ ಬಚ್ಚಲಿನಲ್ಲಿ ಜೀವ ತೆಗೆದ ಸುದ್ದಿಯನ್ನು ಆಗಾಗ ಓದುತ್ತೇವಲ್ಲ, ಅಲ್ಲಿಯೂ ಇದೇ ಅನಿಲ. ಆ ಗೀಸರಿಗೆ ಹೋಲಿಸಿದರೆ, ಸರಿಯಾಗಿ ಕೂರಿಸಿದ ಗುಳಿಗೆ ಒಲೆ ಎಷ್ಟೋ ಮೇಲು.

ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿಲ್ಲ: ಉರಿಯದೆ ಸುಮ್ಮನೆ ಕುಳಿತ ಗುಳಿಗೆಯಿಂದಲೂ ಈ ಅನಿಲ ಬರುತ್ತದೆ. ಪೈನ್ ಮರದಲ್ಲಿರುವ ಕೊಬ್ಬಿನ ಆಮ್ಲಗಳು ಗಾಳಿಯ ಆಮ್ಲಜನಕದೊಡನೆ ವರ್ತಿಸುವುದೇ ಇದಕ್ಕೆ ಕಾರಣ. 2006ರ ನವೆಂಬರಿನಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್ ಬಂದರಿನಲ್ಲಿ, ಕೆನಡಾದಿಂದ ಗುಳಿಗೆ ಹೊತ್ತು ತಂದ ಹಡಗಿನ ಮೆಟ್ಟಿಲ ಓಣಿಗೆ ಇಳಿದ ನಾವಿಕನೊಬ್ಬ ಸತ್ತ. ಕೋಣೆಯ ಮೂಲೆಯಲ್ಲಿಟ್ಟ ಒಂದೆರಡು ಚೀಲಕ್ಕೆ ಹೆದರಬೇಕಿಲ್ಲ. ಟನ್ನುಗಟ್ಟಲೆ ತುಂಬಿದ ನೆಲಮಾಳಿಗೆಯ ಉಗ್ರಾಣಕ್ಕೆ ಮಾತ್ರ, ಮನೆಯ ಯಜಮಾನರು ‘ಒಂದು ಬುಟ್ಟಿ ತುಂಬಿಕೊಂಡು ಬಾ’ ಎಂದರೂ ಬಾಗಿಲು ತೆಗೆದೊಡನೆ ನುಗ್ಗಬಾರದು.

ಗೋಡೆಯ ವಿಚಾರ ಸುಲಭ. ಗುಳಿಗೆ ತುಂಬಿದ ಒಲೆ ಒಬ್ಬ ದೊಡ್ಡ ಮನುಷ್ಯನಿಗಿಂತ ಕಡಿಮೆ ತೂಗುವುದಿಲ್ಲ. ಇಟ್ಟಿಗೆ ಗೋಡೆ ತಡೆಯುತ್ತದೆ. ಜಿಪ್ಸಂ ಹಲಗೆಯ ಅಡ್ಡಗೋಡೆ ತಡೆಯುವುದಿಲ್ಲ. ಪರದೆ, ಹಾಸಿಗೆ, ಒಗೆದ ಬಟ್ಟೆ ದೂರವಿರಲಿ. ಒಲೆಯ ಮುಂದೆ ಟವೆಲ್ ಒಣಹಾಕುವ ಆಸೆ ಎಲ್ಲ ವಿದ್ಯಾರ್ಥಿಗಳಿಗೂ ಬರುತ್ತದೆ.

ಈಗ ಸ್ವಲ್ಪ ಲೆಕ್ಕ, ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಒಂದು ಕಿಲೋ ಗುಳಿಗೆಯಲ್ಲಿ ಸುಮಾರು 4.8 ಯೂನಿಟ್ ಶಾಖವಿದೆ. ನಮ್ಮ ಅಡುಗೆ ಅನಿಲದ 14.2 ಕಿಲೋ ಸಿಲಿಂಡರಿನಲ್ಲಿರುವಷ್ಟು ಶಾಖ ಬೇಕಾದರೆ ಸುಮಾರು 38 ಕಿಲೋ ಗುಳಿಗೆ, ಅಂದರೆ 15 ಕಿಲೋ ಚೀಲ ಎರಡೂವರೆ. 6 ಕಿಲೋವಾಟಿನ ಒಲೆ ಪೂರ್ತಿ ಉರಿದರೆ ಗಂಟೆಗೆ ಸುಮಾರು 1.4 ಕಿಲೋ ತಿನ್ನುತ್ತದೆ. ತೆಳ್ಳಗಿನ ಒಲೆಯ ಡಬ್ಬದಲ್ಲಿ 10 ಕಿಲೋ ಹಿಡಿಸಿದರೆ ಏಳು ಗಂಟೆ; ಬೆಳಗಿನ ಜಾವ ಎದ್ದು ತುಂಬಬೇಕು. ಹಾಗಾದರೆ ಸಣ್ಣಗೆ ಉರಿಸೋಣವೆಂದರೆ ಅದಕ್ಕೂ ಮಿತಿ: ಎರಡು, ಎರಡೂವರೆ ಕಿಲೋವಾಟಿಗಿಂತ ಕೆಳಗೆ ಇಳಿಯದ ಒಲೆಗಳೇ ಹೆಚ್ಚು. ಗೋಡೆ ಕಿಟಕಿಗಳನ್ನು ಭದ್ರಮಾಡಿದ ಪುಟ್ಟ ಕೋಣೆಗೆ ಒಂದು ಕಿಲೋವಾಟೇ ಸಾಕಾಗಬಹುದು. ಒಲೆ ಆಗಾಗ ಆರಿ ಹೊತ್ತುತ್ತದೆ, ಗಾಜಿಗೆ ಮಸಿ ಹಿಡಿಯುತ್ತದೆ, ಫ್ಯಾನಿನ ಗೊರಗೊರ ಸದ್ದು ಓದುವವರ ಕಿವಿಯಲ್ಲೇ. ಜತೆಗೆ ಬೆಂಕಿ ಬಟ್ಟಲನ್ನು ದಿನವೂ ಕೆರೆಯಬೇಕು, ಚೀಲಗಳನ್ನು ನಾಲ್ಕನೆಯ ಮಹಡಿಗೆ ಹೊರಬೇಕು. ಮೂರು ನಾಲ್ಕು ಜನ ಸೇರಿ ಹಿಡಿದ ಮನೆಯ ನಡುಮನೆಗೆ ಈ ಒಲೆ ಒಳ್ಳೆಯದು. ಒಬ್ಬರ ಕೋಣೆಗೆ ಅಲ್ಲ.

ಗುಳಿಗೆಯ ಬೆಲೆಯೂ ನೆಚ್ಚುವಂಥದ್ದಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯದ ಮರಕ್ಕೆ ಯುರೋಪು ಬಾಗಿಲು ಮುಚ್ಚಿದಾಗ ಇಟಲಿಯಲ್ಲಿ ಚೀಲದ ಬೆಲೆ ಎರಡು ಪಟ್ಟನ್ನು ದಾಟಿತು. ಇಂಥ ಪಾಠ ನಮ್ಮ ರಾಜ್ಯಕ್ಕೂ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಚ್.ಎಸ್. ಮುಕುಂದ ಅವರ ತಂಡದ ನೆರವಿನಿಂದ ರೂಪುಗೊಂಡ ‘ಊರ್ಜಾ’ ಎಂಬ ಅಡುಗೆ ಒಲೆಯನ್ನು 2006ರಲ್ಲಿ ಬಿ.ಪಿ. ಕಂಪನಿ ಮಾರಾಟಕ್ಕೆ ಬಿಟ್ಟಿತು. ಕಬ್ಬಿನ ಸಿಪ್ಪೆ, ಕಡಲೆಕಾಯಿ ಸಿಪ್ಪೆಯ ಗುಳಿಗೆ, ಬ್ಯಾಟರಿಯ ಪುಟ್ಟ ಫ್ಯಾನು. ಹೊಗೆ ತೀರ ಕಡಿಮೆ. ಮಹಾರಾಷ್ಟ್ರ, ಕರ್ನಾಟಕ ಮೊದಲಾದ ಕಡೆ ಸುಮಾರು ನಾಲ್ಕು ಲಕ್ಷ ಒಲೆಗಳು ಹೋದವು. ಆಮೇಲೆ ಕಾರ್ಖಾನೆಗಳ ಬಾಯ್ಲರುಗಳೂ ಅದೇ ಸಿಪ್ಪೆಗೆ ಕೈಯೊಡ್ಡಿದವು, ಗುಳಿಗೆಯ ದರ ಏರಿತು, ಒಲೆಗಳು ಅಟ್ಟ ಸೇರಿದವು. ಒಲೆಯಲ್ಲಿ ದೋಷವಿರಲಿಲ್ಲ. ಆದರೆ ಅದರಲ್ಲಿ ಗುಳಿಗೆ ಬಿಟ್ಟು ಮನೆಯ ಸೌದೆ ಉರಿಸುವಂತಿರಲಿಲ್ಲ.

ಆದ್ದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮಕ್ಕಳು ಮನೆಯವರನ್ನು ಸಂಕೋಚವಿಲ್ಲದೆ ಕೇಳಬೇಕು: ಕೊಳವೆ ಎಲ್ಲಿ ಹೊರಬೀಳುತ್ತದೆ, ಕಳೆದ ಸಲ ಅದನ್ನು ಗುಡಿಸಿದ್ದು ಯಾವಾಗ, ಗುಳಿಗೆಯ ಖರ್ಚು ಯಾರದು, ಕೋಣೆಗೆ ಬೇರೆ ಹೀಟರ್ ಇದೆಯೇ. ಗುಡಿಸಿದ ರಸೀತಿ ತೋರಿಸಲು ಗೊಣಗುವವರ ಮನೆ ಬೇಡ. ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚಿ ಕೂಗುವ ಅಲಾರಂ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯವರು ಹಾಕಿಸದಿದ್ದರೆ ಹೋದ ವಾರವೇ ಸ್ವಂತ ದುಡ್ಡಿನಲ್ಲಿ ಕೊಂಡು ಮಲಗುವ ಕಡೆ ಇಡಲಿ. ಹೊಗೆಯ ಅಲಾರಂ ಬೇರೆ, ಇದು ಬೇರೆ.

ಬೂದಿ ಹೆಚ್ಚಿಲ್ಲ, ಒಂದು ಚೀಲಕ್ಕೆ ನೂರು ಗ್ರಾಮಿನಷ್ಟು. ಅದರೊಳಗೆ ಮರುದಿನದವರೆಗೂ ಕೆಂಡ ಅಡಗಿರಬಹುದು, ಹಾಗಾಗಿ ಪ್ಲಾಸ್ಟಿಕ್ ಬುಟ್ಟಿಗೆ ಸುರಿಯದೆ, ಮಾಮೂಲು ವ್ಯಾಕ್ಯೂಮಿನಿಂದಲೂ ಎಳೆಯದೆ, ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಹೊರಗಿಡಬೇಕು. ಪೂರ್ತಿ ತಣಿದ ಮೇಲೆ ಪಾತ್ರೆ ಉಜ್ಜಲು ಬಲು ಚೆನ್ನಾಗಿರುತ್ತದೆ.