ಕೈಬಳೆ ಆಪದ್ಧನವಲ್ಲ

ಅಕ್ಷಯ ತದಿಗೆ ಬಂತೆಂದರೆ ಚಿನ್ನದಂಗಡಿಗಳ ಮುಂದೆ ಕಾಲಿಡಲು ಸ್ಥಳವಿರುವುದಿಲ್ಲ. ಈ ಸಲ ನನ್ನ ಸ್ನೇಹಿತರೊಬ್ಬರು ಮುಂದಿನ ತಿಂಗಳ ಸಂಬಳವನ್ನು ನಂಬಿ, ಕ್ರೆಡಿಟ್ ಕಾರ್ಡಿನ ಮೇಲೆ ಒಂದು ಜೊತೆ ಬಳೆ ಕೊಂಡು ತಂದರು. ಅಷ್ಟು ಖರ್ಚೇಕೆ ಎಂದು ಕೇಳಿದೆ. “ಇದು ಖರ್ಚಲ್ಲ ಕಣ್ರೀ, ಆಪದ್ಧನ” ಎಂದರು.

ನಾನು ಕನ್ನಡದ ಮೇಷ್ಟರು. ತರಗತಿಯಲ್ಲಿ ಜಶ್ತ್ವ ಸಂಧಿಗೆ ಉದಾಹರಣೆ ಕೊಡುವಾಗ ಈ ಶಬ್ದವನ್ನು ಎಷ್ಟೋ ಸಲ ಹಲಗೆಯ ಮೇಲೆ ಬರೆದಿದ್ದೇನೆ. ಸಂಧಿ ಬಿಡಿಸುವುದು ಸುಲಭ. ಅರ್ಥಕ್ಕೆ ತಕ್ಕಂತೆ ನಡೆಯುವುದು ಕಷ್ಟ. ಆಪತ್ತು ಬಂದ ಗಳಿಗೆಯಲ್ಲಿ ಕೈಗೆ ಎಟಕುವ ಧನ ಆಪದ್ಧನ. ಎಟಕದ್ದು ಧನವಾಗಿರಬಹುದು, ಐಶ್ವರ್ಯವೂ ಆಗಿರಬಹುದು, ಆಪದ್ಧನ ಆಗಲಾರದು. ನಮ್ಮ ಮಧ್ಯಮ ವರ್ಗದವರು ಈ ಶಬ್ದವನ್ನು ಒಡವೆಗೆ ಅಂಟಿಸಿಕೊಂಡು ನೆಮ್ಮದಿಯಾಗಿ ನಿದ್ರಿಸುತ್ತಿದ್ದಾರೆ. ಆ ನಿದ್ರೆಯನ್ನು ಕೆಡಿಸುವುದೇ ಈ ಬರಹದ ಉದ್ದೇಶ.

ಪರೋಪದೇಶ ಮಾಡುತ್ತಿಲ್ಲ. ನಾನೂ ಹಾಗೆಯೇ ನಿದ್ರಿಸಿದವನು.

2020ರಲ್ಲಿ ನಾನು ಕೆಲಸ ಮಾಡುವ ಖಾಸಗಿ ಕಾಲೇಜಿನಲ್ಲಿ ಸಂಬಳ ಅರ್ಧಕ್ಕಿಳಿಯಿತು. 2021ರ ಮೇ ತಿಂಗಳ ಒಂದು ಶನಿವಾರ ಸಂಜೆ ನಮ್ಮ ತಂದೆಯವರಿಗೆ ಉಸಿರಾಟ ಕಟ್ಟಿತು. ಆಸ್ಪತ್ರೆಯಲ್ಲಿ ಮೊದಲು 30,000 ರೂಪಾಯಿ ಕಟ್ಟಿ ಎಂದರು. ನಮ್ಮಲ್ಲಿ 120 ಗ್ರಾಂ ಬಂಗಾರವಿತ್ತು, ಬ್ಯಾಂಕಿನ ಲಾಕರಿನಲ್ಲಿತ್ತು. ಬ್ಯಾಂಕು ಬಾಗಿಲು ಹಾಕಿತ್ತು, ಗಿರವಿ ಅಂಗಡಿಗಳೂ ಹಾಕಿದ್ದವು, ಲಾಕ್‌ಡೌನಿನಿಂದ ಊರೇ ಬಾಗಿಲು ಹಾಕಿತ್ತು. ಊರ ಹೊರಗೆ ಒಂದು ನಿವೇಶನವೂ ಇತ್ತು. ಅದರ ಪತ್ರವನ್ನು ತೋರಿಸಿದರೆ ಆಮ್ಲಜನಕ ಕೊಡುತ್ತಾರೆಯೆ? ನನ್ನ ಖಾತೆಯಲ್ಲಿದ್ದದ್ದು 4,000. ನನ್ನಾಕೆ ಸಾಸಿವೆ ಡಬ್ಬಿಯಿಂದ 6,000 ತೆಗೆದಳು. ಉಳಿದ 20,000ವನ್ನು ಎಟಿಎಂನಿಂದ ತೆಗೆದು ತಂದುಕೊಟ್ಟವನು ನಮ್ಮ ಕಾಲೇಜಿನ ನಿವೃತ್ತ ಜವಾನ. “ಸಾರ್, ಅಪ್ಪಾವ್ರು ಮೊದಲು ದಾಖಲಾಗಲಿ, ಲೆಕ್ಕ ಆಮೇಲೆ” ಎಂದ. ನನ್ನ ಅರ್ಧ ಸಂಬಳವನ್ನೂ ಎಂದೂ ಕಾಣದ ಆತ ಇಪ್ಪತ್ತು ವರ್ಷ ದಿನವೂ ಪಿಗ್ಮಿ ಕಟ್ಟಿದವನು. ಬಂಗಾರ ನನ್ನಲ್ಲಿತ್ತು, ಆಪದ್ಧನ ಅವನಲ್ಲಿತ್ತು.

ತಂದೆಯವರು ಉಳಿದರು. ಸೋಮವಾರ ಲಾಕರು ತೆಗೆಸಿ ಬಳೆಗಳನ್ನು ಅಡವಿಟ್ಟೆ. ಬಿಡಿಸಿಕೊಳ್ಳಲು ಹನ್ನೊಂದು ತಿಂಗಳು ಹಿಡಿಯಿತು. ಆ ನಡುವೆ ಬಂದ ತಂಗಿಯ ಮಗಳ ಮದುವೆಗೆ ನನ್ನಾಕೆ ತಲೆನೋವೆಂದು ಹೇಳಿ ಹೋಗಲಿಲ್ಲ. “ಆಪದ್ಧನ ಅಂತ ಕೈಗೆ ಹಾಕಿಸಿದಿರಿ. ಆಪತ್ತು ಬಂದದ್ದು ಮನೆಗೆ, ಬರಿದಾದದ್ದು ನನ್ನ ಕೈ” ಎಂದಳು. ಇದಕ್ಕೆ ನನ್ನ ಎಂ.ಎ. ಪದವಿಯಲ್ಲಿ ಉತ್ತರವಿರಲಿಲ್ಲ.

“ಚಿನ್ನದ ಬೆಲೆ ಎಷ್ಟು ಏರಿದೆ ನೋಡಿ” ಎಂದು ನನ್ನ ಸ್ನೇಹಿತರು ವಾದಿಸುತ್ತಾರೆ. ಏರಿದೆ, ಬಹಳವಾಗಿಯೇ ಏರಿದೆ. ನಾನು ಅಲ್ಲಗಳೆಯುವುದಿಲ್ಲ. ಆದರೆ ಆಪತ್ತು ಬೆಲೆ ಏರಿದ ದಿನವನ್ನು ನೋಡಿಕೊಂಡು ಬರುವುದಿಲ್ಲ. 2020ರ ಆಗಸ್ಟಿನಲ್ಲಿ ಹತ್ತು ಗ್ರಾಮಿಗೆ 56,000 ರೂಪಾಯಿ ಮುಟ್ಟಿದ್ದ ಚಿನ್ನ, 2021ರ ಮಾರ್ಚಿನಲ್ಲಿ 45,000ದ ಆಸುಪಾಸಿಗೆ ಇಳಿದಿತ್ತು. ಎರಡನೆಯ ಅಲೆ ಬಂದದ್ದು ಅದರ ಬೆನ್ನಿಗೇ. ಮೇಲಾಗಿ ಒಡವೆ ಬರಿಯ ಚಿನ್ನವಲ್ಲ. ಕೊಳ್ಳುವಾಗ ಮಜೂರಿ, ವೇಸ್ಟೇಜು, ಶೇಕಡಾ 3ರ ಜಿ.ಎಸ್.ಟಿ. ಎಲ್ಲವನ್ನೂ ತೆತ್ತಿರುತ್ತೇವೆ. ಅಡವಿಡುವಾಗ ತಕ್ಕಡಿ ಇವೊಂದನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹರಳಿನ ತೂಕವನ್ನೂ ಕಳೆಯುತ್ತಾರೆ. ಉಳಿದ ಚಿನ್ನದ ಬೆಲೆಯಲ್ಲಿಯೂ ಒಂದು ಪಾಲು ಮಾತ್ರ ಸಾಲವಾಗಿ ಸಿಗುತ್ತದೆ. ಅದಕ್ಕೆ ಬಡ್ಡಿ ಬೇರೆ. ಸ್ವಂತ ಹಣವನ್ನು ಬಡ್ಡಿ ಕೊಟ್ಟು ಪಡೆಯುವುದಕ್ಕೆ ಉಳಿತಾಯವೆಂದು ಹೆಸರಿಡಬಹುದೆ?

ಇದಕ್ಕಿಂತ ದೊಡ್ಡ ಆಕ್ಷೇಪಣೆ ಇನ್ನೊಂದಿದೆ. ಆ ಬಂಗಾರ ಯಾರದು? ತವರಿನಿಂದ ಬಂದ ಒಡವೆ ಹೆಣ್ಣಿನದು. ಸ್ತ್ರೀಧನ ಗಂಡ ಹೆಂಡಿರ ಜಂಟಿ ಆಸ್ತಿಯಲ್ಲ, ಸಂಕಟಕಾಲದಲ್ಲಿ ಗಂಡ ಬಳಸಿಕೊಂಡರೂ ಅದನ್ನು ಹಿಂದಿರುಗಿಸುವ ನೈತಿಕ ಹೊಣೆ ಅವನ ಮೇಲಿದೆ ಎಂದು ಸುಪ್ರೀಂ ಕೋರ್ಟು 2024ರ ಏಪ್ರಿಲಿನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಹಾಗಿದ್ದರೂ ನಾವು ಗಂಡಸರು ಅದನ್ನು ಮನೆಯ ಬೊಕ್ಕಸವೆಂದು ಎಣಿಸಿ, ನಮ್ಮ ಸಂಬಳವನ್ನು ಪೂರ್ತಿ ಕರಗಿಸುತ್ತೇವೆ. ಇನ್ನೊಬ್ಬರ ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗುವುದು ಮಿತವ್ಯಯವೂ ಅಲ್ಲ, ಮುಂದಾಲೋಚನೆಯೂ ಅಲ್ಲ.

“ಈ ಬೆಲೆಗಳಲ್ಲಿ ಉಳಿಸುವುದೆಲ್ಲಿ ಬಂತು?” ಎಂದು ಕೇಳುವವರಿದ್ದಾರೆ. ಮನೆಬಾಡಿಗೆ, ಔಷಧಿ, ಮಕ್ಕಳ ಫೀಸು ಕೊಟ್ಟ ಮೇಲೆ ನಿಜವಾಗಿಯೂ ಏನೂ ಉಳಿಯದ ಮನೆಗಳಿವೆ. ಅವರಿಗೆ ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಬೋಧಿಸುವುದು ಕ್ರೌರ್ಯ. ಅವರಿಗೆ ಹಾಸಿಗೆಯೇ ಇಲ್ಲ. ನನ್ನ ಜಗಳ ಅವರೊಡನೆ ಅಲ್ಲ. ತಿಂಗಳು ತಿಂಗಳೂ ಚಿನ್ನದ ಚೀಟಿಗೆ ಹಣ ಕಟ್ಟುತ್ತ ಉಳಿತಾಯಕ್ಕೆ ಹಣವಿಲ್ಲ ಎನ್ನುವವರೊಡನೆ.

ಉಪಾಯಕ್ಕಾಗಿ ದೂರ ಹೋಗಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತೊಡಗಿತು. ಏಜೆಂಟನು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟನ್ನೂ ಒಯ್ಯುತ್ತಿದ್ದ. ಅದರ ಗುಟ್ಟು ಬಡ್ಡಿಯಲ್ಲಿರಲಿಲ್ಲ. ಖರ್ಚಾಗುವುದಕ್ಕೆ ಮೊದಲೇ ಹಣ ಮನೆ ಬಿಡುತ್ತಿತ್ತು ಎಂಬುದರಲ್ಲಿತ್ತು. ಎರಡಾಣೆಯ ಸ್ಥಾನದಲ್ಲಿ ಇಂದು 100 ರೂಪಾಯಿ ಇಡೋಣ. ವರ್ಷಕ್ಕೆ 36,500. ತಿಂಗಳಿಗೆ 40,000 ಖರ್ಚಿರುವ ಮನೆಗೆ ಮೂರು ತಿಂಗಳ ಅನ್ನ, ಬಾಡಿಗೆ, ಔಷಧಿಗೆ 1,20,000 ಬೇಕು. ಮೂರೂವರೆ ವರ್ಷದೊಳಗೆ ಅದು ಕೂಡುತ್ತದೆ. ಸಂಬಳ ಬಂದ ದಿನವೇ ಬೇರೊಂದು ಖಾತೆಗೆ 3,000 ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟರೂ ಹೆಚ್ಚುಕಡಿಮೆ ಅದೇ ಫಲ.

ಎರಡು ಎಚ್ಚರಿಕೆಗಳು. ಅರ್ಧ ಶೇಕಡಾ ಹೆಚ್ಚು ಬಡ್ಡಿಯ ಆಸೆಗೆ ಈ ಹಣವನ್ನು ಕಂಡಲ್ಲಿ ಇಡಕೂಡದು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ವಿಮೆಯ ರಕ್ಷಣೆಯಿರುವುದು, 2020ರ ಫೆಬ್ರವರಿಯಲ್ಲಿ ಗೊತ್ತಾದಂತೆ, 5 ಲಕ್ಷದವರೆಗೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆಯೇ ಇಲ್ಲ. ಎರಡನೆಯದಾಗಿ, ಖಾತೆ ಗಂಡ ಹೆಂಡಿರಿಬ್ಬರ ಹೆಸರಿನಲ್ಲಿ, ಯಾರೊಬ್ಬರು ಬೇಕಾದರೂ ಹಣ ತೆಗೆಯುವಂತಿರಲಿ. ಆಸ್ಪತ್ರೆಯಲ್ಲಿ ಮಲಗಿರುವವನ ರುಜುವಿಗಾಗಿ ಕಾಯುವ ಹಣವೂ ಲಾಕರಿನ ಬಂಗಾರದಂತೆಯೇ.

ಇಷ್ಟು ಆದ ಮೇಲೆ ಚಿನ್ನ ಕೊಳ್ಳಿ, ಬೇಡವೆನ್ನಲು ನಾನಾರು? ಹೆಣ್ಣುಮಕ್ಕಳು ಸಂತೋಷದಿಂದ ಹಾಕಿಕೊಳ್ಳಲಿ. ಆದರೆ ಒಡವೆಯನ್ನು ಒಡವೆಯೆಂದೇ ಕರೆಯೋಣ. ನನ್ನ ಸ್ನೇಹಿತರು ತಂದ ಬಳೆ ಚೆನ್ನಾಗಿದೆ. ಅದರ ಕಂತು ಇನ್ನೂ ಒಂಬತ್ತು ತಿಂಗಳಿದೆ. ಅಷ್ಟರೊಳಗೆ ಅವರ ಮನೆಗೆ ಆಪತ್ತು ಬಾರದಿರಲಿ ಎಂದು ಹಾರೈಸುತ್ತೇನೆ. ಬಂದರೆ ಅವರ ಬಳಿ ಎರಡು ಬಳೆಗಳಿರುತ್ತವೆ, ಒಂದು ಸಾಲವಿರುತ್ತದೆ. ಆಪದ್ಧನ ಮಾತ್ರ ಇರುವುದಿಲ್ಲ.